‘ಲೋಕಿ’ಗೆ ಕೀ ಹುಯ್ ಕ್ವಾನ್ ಬಂದ್ರು ಅಂದಾಗ ನನಗ್ಯಾಕೆ ಅಷ್ಟು ಖುಷಿ?

ಇವತ್ತು ಒಬ್ಬ ನಟನ ಬಗ್ಗೆ ಮಾತಾಡೋಣ. ಹೆಸರು ಕೀ ಹುಯ್ ಕ್ವಾನ್. ಯಾರು ಅಂತ ಗೊತ್ತಾಗಲಿಲ್ವಾ? ‘ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್’ ಸಿನಿಮಾದಲ್ಲಿ ಸೊಂಟಕ್ಕೆ ಕಟ್ಟಿದ ಬ್ಯಾಗನ್ನೇ ಬಿಚ್ಚಿ, ಬೀಸಿ ಬೀಸಿ ಸೆಕ್ಯುರಿಟಿಯವರನ್ನು ಉರುಳಿಸ್ತಾರಲ್ಲ, ಅವರು.

2022ರ ಸೆಪ್ಟೆಂಬರ್‌ನಲ್ಲಿ ಡಿಸ್ನಿಯ ಡಿ23 ಎಕ್ಸ್‌ಪೋದಲ್ಲಿ ಅವರು ‘ಲೋಕಿ’ ಸೀಸನ್ 2ರಲ್ಲಿ ಇದ್ದಾರೆ ಅಂತ ಅನೌನ್ಸ್ ಆಯ್ತು. ನಾನು ಆ ಸುದ್ದಿಯನ್ನ ನಮ್ಮ ಗ್ರೂಪಿಗೆ ಹಾಕಿದೆ, ಮೇಲೆ ಹತ್ತು ಬೆಂಕಿ ಎಮೋಜಿ. ಒಬ್ಬನಿಂದ ಒಂದೇ ಲೈನ್ ರಿಪ್ಲೈ ಬಂತು: “ಯಾರು ಗುರು ಇದು?” ಈ ಎಪಿಸೋಡ್ ಅವನಿಗೆ.

1971ರಲ್ಲಿ ಸೈಗಾನ್‌ನಲ್ಲಿ ಹುಟ್ಟಿದವರು ಕ್ವಾನ್. ಯುದ್ಧ ಮುಗಿದ ಕೆಲವು ವರ್ಷಕ್ಕೆ ಕುಟುಂಬ ದೇಶ ಬಿಟ್ಟು ಹೊರಟಿತು. ದೋಣಿ, ಹಾಂಗ್‌ಕಾಂಗ್‌ನ ನಿರಾಶ್ರಿತರ ಶಿಬಿರ, ಆಮೇಲೆ ಅಮೆರಿಕ. ಆಡಿಷನ್‌ಗೆ ಹೋಗಿದ್ದು ಅಣ್ಣತಮ್ಮಂದಿರಲ್ಲಿ ಇನ್ನೊಬ್ಬ, ಇವರು ಜೊತೆಗೆ ಹೋಗಿದ್ದು ಅಷ್ಟೇ. ಆಯ್ಕೆಯಾಗಿದ್ದು ಇವರು! 1984ರ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದ ಟೆಂಪಲ್ ಆಫ್ ಡೂಮ್’ನಲ್ಲಿ ಹ್ಯಾರಿಸನ್ ಫೋರ್ಡ್ ಜೊತೆ ಓಡಾಡುವ ಪುಟ್ಟ ಹುಡುಗ ಶಾರ್ಟ್ ರೌಂಡ್.

ಆ ಸಿನಿಮಾ ಬಗ್ಗೆ ನಮಗೆ ಸಿಟ್ಟಿದೆ, ಇರಲೇಬೇಕು. ಭಾರತದ ಅರಮನೆ ಊಟದಲ್ಲಿ ಕೋತಿ ಮೆದುಳು ಬಡಿಸ್ತಾರೆ. ಇಲ್ಲಿ ಶೂಟಿಂಗ್‌ಗೆ ಅನುಮತಿ ಸಿಗದೆ ಶ್ರೀಲಂಕಾದ ಕ್ಯಾಂಡಿ ಕಡೆ ಹೋಗಿ ತೆಗೆದರು. ವಿಲನ್ ಮೋಲಾ ರಾಮ್ ನಮ್ಮ ಅಮರೀಶ್ ಪುರಿ. ‘ನಮ್ಮ’ ಅಂತ ಸುಮ್ಮನೆ ಹೇಳಿದ್ದಲ್ಲ, 1973ರಲ್ಲಿ ಕಾರ್ನಾಡರ ‘ಕಾಡು’ ಸಿನಿಮಾದಲ್ಲಿ ನಟಿಸಿದ್ದವರು ಅವರು. ಇಷ್ಟೆಲ್ಲ ಇದ್ದೂ ಆ ಹುಡುಗನನ್ನ ಮಾತ್ರ ಬೈಯೋಕೆ ಮನಸ್ಸು ಬರಲ್ಲ.

ಮರುವರ್ಷ ‘ದ ಗೂನೀಸ್’. ಅದರಲ್ಲಿ ಡೇಟಾ ಅನ್ನೋ ಹುಡುಗ, ಕೋಟಿನ ತುಂಬ ತಾನೇ ಮಾಡಿದ ಗ್ಯಾಜೆಟ್‌ಗಳು. ಅಲ್ಲಿಗೆ ಮುಗೀತು. ದೊಡ್ಡವರಾಗ್ತಾ ಫೋನ್ ಬರೋದು ಕಮ್ಮಿಯಾಯ್ತು. ಏಷ್ಯಾ ಮೂಲದ ನಟರಿಗೆ ಹಾಲಿವುಡ್‌ನಲ್ಲಿ ಪಾತ್ರ ಬರೆಯೋರೇ ಇರಲಿಲ್ಲ. ನಟನೆ ಬಿಟ್ಟು ಕಾಲೇಜಿಗೆ ಹೋಗಿ ಸಿನಿಮಾ ಓದಿದರು, ಕ್ಯಾಮೆರಾ ಹಿಂದೆ ಸೇರಿಕೊಂಡರು.

ಈಗ ಇದನ್ನ ಗಮನವಿಟ್ಟು ಕೇಳಿ. 2000ನೇ ಇಸವಿಯಲ್ಲಿ ಬಂದ ಮೊದಲ ‘ಎಕ್ಸ್-ಮೆನ್’ ಇದೆಯಲ್ಲ, ಅದರ ಫೈಟ್ ಟೀಮ್‌ನಲ್ಲಿ ಹಾಂಗ್‌ಕಾಂಗ್‌ನ ಕೋರಿ ಯುಯೆನ್ ಕೈಕೆಳಗೆ ಕೆಲಸ ಮಾಡಿದವರು ಕ್ವಾನ್. ಅದೇ ಸಿನಿಮಾದಲ್ಲಿ ಅಸೋಸಿಯೇಟ್ ಪ್ರೊಡ್ಯೂಸರ್ ಆಗಿದ್ದವರು ಕೆವಿನ್ ಫೈಗಿ. ಒಬ್ಬರು ಮಾರ್ವೆಲ್ ಸ್ಟುಡಿಯೋಸ್‌ನ ಮುಖ್ಯಸ್ಥರಾದರು. ಇನ್ನೊಬ್ಬರು ಸೂಪರ್‌ಹೀರೋಗಳಿಗೆ ಹೇಗೆ ಒದೀಬೇಕು ಅಂತ ಹೇಳಿಕೊಟ್ಟು, ತಾವು ಫ್ರೇಮಿನ ಆಚೆ ನಿಂತರು. 23 ವರ್ಷ ಆದಮೇಲೆ, ಅದೇ ಫೈಗಿ ನಡೆಸುವ ಲೋಕಕ್ಕೆ ಕ್ಯಾಮೆರಾ ಮುಂದಿನಿಂದ ಬಂದರು. ನನ್ನ ಬೆಂಕಿ ಎಮೋಜಿಗೆ ಕಾರಣ ಇದು.

ನಾನು ಬಿಕಾಂ ಹುಡುಗ, ದುಡ್ಡಿನ ವಿಷಯ ಬಿಡಲ್ಲ. 2018ರ ‘ಕ್ರೇಜಿ ರಿಚ್ ಏಷಿಯನ್ಸ್’ ನೋಡಿ ಮತ್ತೆ ನಟಿಸೋ ಆಸೆ ಬಂತು ಅಂತ ಅವರೇ ಹೇಳಿದ್ದಾರೆ. ‘ಎವೆರಿಥಿಂಗ್’ ಸಿಕ್ಕಿತು, ಶೂಟಿಂಗ್ ಮುಗೀತು, ಕೋವಿಡ್ ಬಂತು. ಅಮೆರಿಕದಲ್ಲಿ ನಟರ ಯೂನಿಯನ್ ಕೊಡುವ ಹೆಲ್ತ್ ಇನ್ಶೂರೆನ್ಸ್‌ಗೆ ವರ್ಷಕ್ಕೆ ಇಂತಿಷ್ಟು ದುಡಿದಿರಬೇಕು ಅನ್ನೋ ರೂಲ್ ಇದೆ. ಇವರಿಗೆ ಬೇರೆ ಕೆಲಸ ಸಿಗಲಿಲ್ಲ, ಇನ್ಶೂರೆನ್ಸ್ ಹೋಯ್ತು. ಮುಂದೆ ಆಸ್ಕರ್ ತರೋ ಪಾತ್ರ ಮಾಡಿ ಮುಗಿಸಿದ ಮನುಷ್ಯನಿಗೆ ಆಸ್ಪತ್ರೆ ಖರ್ಚಿನ ಚಿಂತೆ. ನಮ್ಮಲ್ಲಿ ಫ್ರೀಲಾನ್ಸ್ ಮಾಡೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ ಅಲ್ವಾ!

ಹಾಗಂತ ಬರೀ ಖುಷಿ ಅಲ್ಲ, ಭಯಾನೂ ಇತ್ತು. ಮಾರ್ವೆಲ್ ಸಿನಿಮಾಗಳಲ್ಲಿ ಒಳ್ಳೆ ನಟರು ಮೇಕಪ್ ಕೆಳಗೆ ಹೂತುಹೋಗೋದನ್ನ ನೋಡಿದ್ದೀವಿ. ‘ಥಾರ್: ದ ಡಾರ್ಕ್ ವರ್ಲ್ಡ್’ನಲ್ಲಿ ಕ್ರಿಸ್ಟೋಫರ್ ಎಕಲ್ಸ್ಟನ್ ಇದ್ದರು ಅಂತ ಎಷ್ಟು ಜನಕ್ಕೆ ನೆನಪಿದೆ? ಫಾಕ್ಸ್‌ನವರ ‘ಎಕ್ಸ್-ಮೆನ್: ಅಪೋಕಲಿಪ್ಸ್’ನಲ್ಲಿ ಆಸ್ಕರ್ ಐಸಾಕ್ ಕಥೆಯೂ ಅಷ್ಟೇ, ನೀಲಿ ಬಣ್ಣ ಬಳಿದು ಕೂರಿಸಿದರು. ಇವರನ್ನೂ ಹಾಗೇ ಮಾಡಿದರೆ?

2023ರ ಅಕ್ಟೋಬರ್‌ನಲ್ಲಿ ಮೊದಲ ಎಪಿಸೋಡ್ ಬಂತು. ಮುಖಕ್ಕೆ ಏನೂ ಬಳಿದಿರಲಿಲ್ಲ. ಪಾತ್ರದ ಹೆಸರು ಊರೊಬೊರೊಸ್, ಅಂದ್ರೆ ತನ್ನ ಬಾಲವನ್ನ ತಾನೇ ಕಚ್ಚಿಕೊಂಡ ಹಾವು. ಕರೆಯೋದು ಓಬಿ. ಕಾಲವನ್ನ ಕಾಯೋ ಆ ದೊಡ್ಡ ಆಫೀಸಿನ ನೆಲಮಾಳಿಗೆಯಲ್ಲಿ ರಿಪೇರಿ ವಿಭಾಗ. ಮೇಲಿನವರೆಲ್ಲ ಓದೋ ಗೈಡ್‌ಬುಕ್ ಬರೆದವನೇ ಇವನು. ಆದರೆ ಇವನನ್ನ ನೋಡೋಕೆ ಕೆಳಗೆ ಬರೋರು ಯಾರೂ ಇಲ್ಲ. ಮೋಬಿಯಸ್ ಹಿಂದಿನ ಸಲ ಬಂದು ನಾನೂರು ವರ್ಷ ಆಗಿದೆ. ಮೋಬಿಯಸ್‌ಗೆ ಅದು ನೆನಪೂ ಇಲ್ಲ, ಓಬಿಗೆ ಚೆನ್ನಾಗಿ ನೆನಪಿದೆ.

ಆ ಸೀನ್‌ನಲ್ಲಿ ಕ್ವಾನ್ ಮುಖ ನೋಡಿ. ದೂರು ಇಲ್ಲ, ಕೊಂಕು ಇಲ್ಲ. ಯಾರೋ ಬಂದ್ರಲ್ಲ ಅನ್ನೋ ಸಂತೋಷ ಅಷ್ಟೇ. ಆಮೇಲೆ ಲೋಕಿ ಹಿಂದಿನ ಕಾಲಕ್ಕೆ ಜಾರಿ ಅಲ್ಲಿನ ಓಬಿ ಹತ್ತಿರ ಮಾತಾಡ್ತಾನೆ. ಅಲ್ಲಿ ಆಡಿದ್ದು ಇಲ್ಲಿರೋ ಓಬಿಗೆ ಆ ಕ್ಷಣಕ್ಕೆ ನೆನಪಾಗ್ತಾ ಹೋಗುತ್ತೆ. ತಲೆ ಗಿರ್ ಅನ್ನಿಸೋ ಲಾಜಿಕ್ಕು. ಅವರ ಕಣ್ಣು ಒಂದೊಂದಾಗಿ ಅರಳೋದ್ರಲ್ಲೇ ನಮಗೆ ಎಲ್ಲ ಅರ್ಥ ಆಗಿಬಿಡುತ್ತೆ.

ಒಂದು ತಕರಾರು ನನ್ನ ಫ್ರೆಂಡ್ ತೆಗೆದ. “ಏಷ್ಯಾದವರು ಅಂದ್ರೆ ಮತ್ತೆ ಸ್ಕ್ರೂಡ್ರೈವರೇ ಹಿಡೀಬೇಕಾ? ಹದಿಮೂರು ವರ್ಷಕ್ಕೆ ಡೇಟಾ, ಐವತ್ತಕ್ಕೆ ಓಬಿ.” ಮಾತು ಸರಿಯಾಗೇ ಇದೆ. ಮೊದಲ ನಾಲ್ಕು ಎಪಿಸೋಡ್‌ವರೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಐದರಲ್ಲಿ ಓಬಿಯ ನಿಜವಾದ ಬದುಕು ಕಾಣುತ್ತೆ. 1994, ಪಾಸಡೀನಾ. ಹೆಸರು ಎ.ಡಿ. ಡಗ್. ವಿಜ್ಞಾನಿ ಹೌದು, ಆದರೆ ಅವನಿಗೆ ಆಗಬೇಕಾಗಿರೋದು ಸೈನ್ಸ್ ಫಿಕ್ಷನ್ ಬರಹಗಾರ. ಪುಸ್ತಕ ಯಾರಿಗೂ ಬೇಡ. ತನ್ನ ಪುಸ್ತಕವನ್ನ ತಾನೇ ತಂದು ಅಂಗಡಿ ಕಪಾಟಿನಲ್ಲಿ ಇಡ್ತಾನೆ. ಅವತ್ತು ನಾನು ಅವನಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. ಅವನು “ಸರಿ, ಇದೊಂದು ಓಕೆ” ಅಂದ. ಅವನ ಬಾಯಲ್ಲಿ ಅಷ್ಟು ಬಂದ್ರೆ ಹಬ್ಬ.

ಇನ್ನೊಂದು, ಮರೆತಿದ್ದೆ. ಈ ಪಾತ್ರ ಆಸ್ಕರ್ ಗೆದ್ದಿದ್ದಕ್ಕೆ ಸಿಕ್ಕ ಬಹುಮಾನ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಶೂಟಿಂಗ್ 2022ರಲ್ಲೇ ಆಗಿದ್ದು. 2023ರ ಮಾರ್ಚ್ 13ರ ಬೆಳಗ್ಗೆ ನಾವೆಲ್ಲ ‘ನಾಟು ನಾಟು’ಗೋಸ್ಕರ ಎದ್ದು ಕೂತಿದ್ವಿ ನೋಡಿ, ಅವತ್ತು ಶುರುವಿನಲ್ಲೇ ಪೋಷಕ ನಟ ಪ್ರಶಸ್ತಿ ಇವರಿಗೆ ಬಂತು. ಕೊನೆಗೆ ಅತ್ಯುತ್ತಮ ಚಿತ್ರ ಅಂತ ಅದೇ ಸಿನಿಮಾ ಹೆಸರು ಓದಿದ್ದು ಹ್ಯಾರಿಸನ್ ಫೋರ್ಡ್. ಶಾರ್ಟ್ ರೌಂಡ್ ಓಡಿಬಂದು ತಬ್ಬಿಕೊಂಡ.

ಆಮೇಲೆ ಎಲ್ಲವೂ ಹಿಟ್ ಆಯ್ತು ಅಂತೇನಿಲ್ಲ. ಹೀರೋ ಆಗಿ ಮಾಡಿದ ‘ಲವ್ ಹರ್ಟ್ಸ್’ 2025ರಲ್ಲಿ ಬಂತು, ಅಷ್ಟಾಗಿ ಓಡಲಿಲ್ಲ. ‘ಝೂಟೋಪಿಯಾ 2’ರಲ್ಲಿ ಒಂದು ಹಾವಿಗೆ ದನಿ ಕೊಟ್ಟರು, ಮತ್ತೆ ಹಾವು!

‘ಲೋಕಿ’ ನೋಡಿಲ್ಲದವರು ಸೀಸನ್ 1ರಿಂದ ಶುರು ಮಾಡಿ, ನೇರ ಎರಡಕ್ಕೆ ಹಾರಿದರೆ ಏನೂ ಅರ್ಥ ಆಗಲ್ಲ. ನೋಡಿದವರು ಓಬಿಯ ಯಾವ ಸೀನ್ ಇಷ್ಟ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಹಾಕ್ತೀನಿ.