ಎರಡು ತಾಸಿಗೊಮ್ಮೆ ಮಗ್ಗಲು



ಇವತ್ತು ಬೆನ್ನುಹುರಿಗೆ ಪೆಟ್ಟಾದವರನ್ನು ಮನೆಯಲ್ಲಿ ನೋಡಿಕೊಳ್ಳುವ ಮಾತು. ನಮ್ಮ ಜಮಖಂಡಿ, ಮುಧೋಳ, ಬೀಳಗಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಾಡದ ದಾರಿ ಇಲ್ಲ. ಟ್ರೇಲರ್ ಮಗುಚುತ್ತದೆ. ಯಾರೋ ಗಿಡದಿಂದ ಬೀಳುತ್ತಾರೆ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗಿದವರು ನಿದ್ದೆಗಣ್ಣಿನಲ್ಲಿ ಎದ್ದು ಕೆಳಗೆ ಬೀಳುತ್ತಾರೆ. ಬೆನ್ನಿನ ಎಲುಬು ಮುರಿದರೆ ಒಳಗಿನ ಹುರಿಗೂ ಪೆಟ್ಟಾಗಬಹುದು.

ಹುರಿ ಅಂದರೆ ಮಿದುಳಿನಿಂದ ಇಳಿದು ಬಂದ ನರಗಳ ಕಟ್ಟು. ರಬಕವಿ-ಬನಹಟ್ಟಿಯ ಅಕ್ಕಂದಿರೇ, ಮಗ್ಗದ ಮೇಲೆ ಎಳೆ ಹರಿದರೆ ನೀವು ಗಂಟು ಹಾಕತೀರಿ. ಈ ಎಳೆಗೆ ಗಂಟು ಹಾಕಲು ಬರುವುದಿಲ್ಲ. ಪೆಟ್ಟು ಜೋರಿದ್ದರೆ ಅಲ್ಲಿಂದ ಕೆಳಗೆ ಕಾಲು ಆಡುವುದಿಲ್ಲ. ಮುಟ್ಟಿದ್ದು ತಿಳಿಯುವುದಿಲ್ಲ. ಉಚ್ಚೆ, ಸಂಡಾಸದ ಹತೋಟಿ ತಪ್ಪುತ್ತದೆ.

ಕಾಲು ಹೋಯಿತೆಂದು ಮನೆಯವರೆಲ್ಲ ಅಳುತ್ತಾರೆ. ಆದರೆ ಜೀವಕ್ಕೆ ಕುತ್ತು ಬರುವುದು ಹೆಚ್ಚಾಗಿ ಹಾಸಿಗೆ ಹುಣ್ಣಿನಿಂದ, ಉಚ್ಚೆಯ ನಂಜಿನಿಂದ. ನಾವು ಒಂದೇ ಮಗ್ಗಲಿಗೆ ಮಲಗಿದರೆ ಮೈ ನೋಯುತ್ತದೆ, ನಿದ್ದೆಯಲ್ಲೇ ಹೊರಳುತ್ತೇವೆ. ಅವರಿಗೆ ಆ ನೋವೇ ತಿಳಿಯುವುದಿಲ್ಲ. ಎಲುಬಿನ ಕೆಳಗಿನ ಚರ್ಮ ಒತ್ತಿಹೋಗಿ, ರಕ್ತ ಓಡದೆ ಸಾಯುತ್ತದೆ.

ಹಿಂದೆ ದೊಡ್ಡ ದೊಡ್ಡ ದೇಶದಲ್ಲೂ ಇಂಥವರು ಬೇಗ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಗುಟ್‌ಮನ್ ಎಂಬ ಡಾಕ್ಟರು ಬಂದರು. ಯುದ್ಧದಲ್ಲಿ ಬೆನ್ನು ಮುರಿದ ಸೈನಿಕರನ್ನು ಹಗಲು ರಾತ್ರಿ ಎರಡು ತಾಸಿಗೊಮ್ಮೆ ಹೊರಳಿಸಲು ಹಚ್ಚಿದರು. ಅಂಥವರೇ 1948ರಲ್ಲಿ ಗಾಲಿ ಕುರ್ಚಿ ಮೇಲೆ ಕುಳಿತು ಬಾಣ ಬಿಡುವ ಪಂದ್ಯ ಆಡಿದರು! ಹೊರಳಿಸುವ ಕೆಲಸಕ್ಕೆ ಯಂತ್ರ ಬೇಕಿಲ್ಲ, ನಾಲ್ಕು ಕೈ ಬೇಕು.

ಹೊರಳಿಸುವಾಗ ಇಡೀ ಮೈ ಒಟ್ಟಿಗೆ ಹೊರಳಬೇಕು. ಬೆನ್ನು ತಿರುಚಬಾರದು. ಎಲುಬು ಇನ್ನೂ ಕೂಡಿಲ್ಲದಿದ್ದರೆ ಡಾಕ್ಟರು ತೋರಿಸಿದ ಹಾಗೆಯೇ ಮಾಡ್ರಿ. ದರದರ ಎಳೆಯಬೇಡಿ, ಚರ್ಮ ಕಿತ್ತುಬರುತ್ತದೆ. ಮೊಣಕಾಲಿನ ನಡುವೆ ದಿಂಬು ಇಡಿರಿ. ಕೌದಿಯ ಸುಕ್ಕು ತೆಗೆಯಿರಿ. ಕೆಲವರು ಕುಂಡಿಯ ಕೆಳಗೆ ಬಟ್ಟೆಯ ಸಿಂಬಿ ಇಡುತ್ತಾರೆ. ಸಿಂಬಿ ಕೊಡಕ್ಕೆ ಸರಿ, ಮೈಗೆ ಬೇಡ. ಅದರ ಸುತ್ತಲೂ ರಕ್ತ ನಿಲ್ಲುತ್ತದೆ. ಬಿಸಿ ಇಟ್ಟಂಗಿಯ ಶಾಖವೂ ಬೇಡ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ದಿನಾ ಎರಡು ಸಲ ಸೊಂಟ, ಕುಂಡಿ, ಹಿಮ್ಮಡಿ ನೋಡ್ರಿ. ಕೆಂಪಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಕಪ್ಪು ಚರ್ಮದಲ್ಲಿ ಕೆಂಪು ಎಲ್ಲಿ ಕಾಣಬೇಕು? ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿದೆಯೇ, ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡ್ರಿ. ಹಾಗಿದ್ದರೆ ಆ ಮಗ್ಗಲಿಗೆ ಮಲಗಿಸಬೇಡಿ, ತಿಕ್ಕಲೂ ಬೇಡಿ. ಚರ್ಮ ಒಡೆದರೆ ಆಸ್ಪತ್ರೆಗೆ ತೋರಿಸ್ರಿ.

ಉಚ್ಚೆಯ ನಳಿಕೆ ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಚೀಲ ಸೊಂಟಕ್ಕಿಂತ ಕೆಳಗೆ ಇರಲಿ. ಬಳಿಯುವ ಬೇಸರಕ್ಕೆ ಕುಡಿಯುವ ನೀರು ಕಡಿಮೆ ಮಾಡಬೇಡಿ. ಚಳಿಜ್ವರ ಬಂದರೆ, ಉಚ್ಚೆ ಕದಡಿ ನಾರಿದರೆ ತಡ ಮಾಡಬಾರದು.

ಅಂಗವಿಕಲರ ಗುರುತಿನ ಚೀಟಿಗೆ ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿರಿ. 2016ರ ಕಾನೂನು ಇವರಿಗೂ ಇದೆ.

ಇನ್ನೊಂದು ಮಾತು. ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಏಳುವವರು ಯಾರು? ಹೆಂಡತಿ, ಇಲ್ಲವೇ ತಾಯಿ. ಬೆಳಗ್ಗೆ ಮತ್ತೆ ರೊಟ್ಟಿ ಬಡಿಯಬೇಕು, ಕೂಲಿಗೆ ಹೋಗಬೇಕು. ಒಬ್ಬಳಿಂದ ಇದು ಆಗುವ ಕೆಲಸವಲ್ಲ. ನೀವೀಗ ಬರೆಯಬಲ್ಲಿರಿ. ಗೋಡೆಗೆ ಒಂದು ಹಾಳೆ ಹಚ್ಚಿರಿ. "10 ಗಂಟೆ, ಎಡ. 12 ಗಂಟೆ, ಬಲ." ಪಕ್ಕದಲ್ಲಿ ಹೊರಳಿಸುವವರ ಹೆಸರು ಬರೆಯಿರಿ. ಮೈದುನನ ಹೆಸರು ಬರಲಿ, ಬೆಳೆದ ಮಗನ ಹೆಸರೂ ಬರಲಿ.

ಈಗ ಮೂರು ಮಂದಿ ಮುಂದೆ ಬರ್ರಿ. ಒಬ್ಬರು ಚಾಪೆ ಮೇಲೆ ಮಲಗ್ರಿ, ಇಬ್ಬರು ಹೊರಳಿಸಿ ತೋರಿಸ್ರಿ. ದಿಂಬು ಇಲ್ಲಿದೆ.