ಕಪ್ಪು ಮಳೆ ಮತ್ತು ಒಂದು ಮದುವೆಯ ಮಾತು



ಅಣುಬಾಂಬಿನ ಕಾದಂಬರಿ ಎಂದೊಡನೆ ನಾವು ಬೆಂಕಿ, ಹೊಗೆ, ಹೆಣಗಳ ರಾಶಿಯನ್ನು ನಿರೀಕ್ಷಿಸುತ್ತೇವೆ. ಜಪಾನಿನ ಮಸೂಜಿ ಇಬುಸೆ ಅವರ ‘ಕಪ್ಪು ಮಳೆ’ಯಲ್ಲಿ ಅದೆಲ್ಲ ಇದೆ. ಆದರೆ ಕಥೆ ಆರಂಭವಾಗುವುದು ಒಂದು ಹೆಣ್ಣಿನ ಮದುವೆಯ ಚಿಂತೆಯಿಂದ. 1965–66ರಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರತೊಡಗಿದಾಗ ಇದರ ಹೆಸರೂ ಮದುವೆಯ ಕುರಿತಾಗಿಯೇ ಇತ್ತು.

ಹಿರೋಶಿಮಾದ ಮೇಲೆ 1945ರ ಆಗಸ್ಟ್ 6ರಂದು ಬಾಂಬು ಬಿದ್ದು ಸುಮಾರು ಐದು ವರ್ಷ ಕಳೆದಿದೆ. ದೂರದ ಕೊಬತಾಕೆ ಎಂಬ ಹಳ್ಳಿಯಲ್ಲಿ ಶಿಗೆಮತ್ಸು, ಅವನ ಹೆಂಡತಿ ಶಿಗೆಕೊ, ಅವರ ಆಸರೆಯಲ್ಲಿರುವ ಹತ್ತಿರದ ಬಂಧುವಿನ ಮಗಳು ಯಾಸುಕೊ ವಾಸವಾಗಿದ್ದಾರೆ. ಬಾಂಬು ಬಿದ್ದ ದಿನ ಯಾಸುಕೊ ನಗರದೊಳಗೆ ಕೆಲಸ ಮಾಡುತ್ತಿದ್ದಳು, ಅವಳಿಗೆ ವಿಕಿರಣದ ಕಾಯಿಲೆಯಿದೆ ಎಂದು ಊರಲ್ಲಿ ಗುಸುಗುಸು. ಇದು ಸುಳ್ಳು. ಆದರೂ ಬಂದ ಸಂಬಂಧಗಳೆಲ್ಲ ಮುರಿದು ಹೋಗುತ್ತವೆ.

ಹೊಸದೊಂದು ಸಂಬಂಧ ಬಂದಾಗ ಶಿಗೆಮತ್ಸು ವೈದ್ಯರಿಂದ ಆರೋಗ್ಯದ ಸರ್ಟಿಫಿಕೇಟು ಮಾಡಿಸಿ ಕಳಿಸುತ್ತಾನೆ. ಆರೋಗ್ಯವಾಗಿರುವ ಹುಡುಗಿಗೆ ಸರ್ಟಿಫಿಕೇಟು ಏಕೆ? ಅನುಮಾನ ಇನ್ನೂ ಹೆಚ್ಚುತ್ತದೆ. ಕೊನೆಗೆ ಅವಳ ಆಗಿನ ದಿನಚರಿಯನ್ನೇ ನಕಲು ಮಾಡಿ ಕಳಿಸಲು ಕೂರುತ್ತಾನೆ. ಆ ದಿನಚರಿಯಲ್ಲಿ ಒಂದು ತೊಡಕಿದೆ. ಸ್ಫೋಟದ ಹೊತ್ತಿಗೆ ಯಾಸುಕೊ ನಗರದ ಕೇಂದ್ರದಿಂದ ಬಹಳ ದೂರವಿದ್ದದ್ದು ನಿಜ. ಆದರೆ ಮನೆಯವರನ್ನು ಹುಡುಕಿಕೊಂಡು ಹಿಂದಿರುಗುವಾಗ ಅವಳ ಮೈಮೇಲೆ ಮಸಿ ಬೆರೆತ ಮಳೆ ಬಿದ್ದಿತ್ತು. ತೊಳೆದರೂ ಕಲೆ ಹೋಗಿರಲಿಲ್ಲ. ಬರೆದಾಗ ಆ ಮಳೆ ವಿಷವೆಂದು ಯಾರಿಗೂ ಗೊತ್ತಿರಲಿಲ್ಲ. ಈಗ ಎಲ್ಲರಿಗೂ ಗೊತ್ತು. ಆ ಸಾಲುಗಳನ್ನು ನಕಲಿನಲ್ಲಿ ಸೇರಿಸಬೇಕೋ ಬಿಡಬೇಕೋ ಎಂದು ಗಂಡಹೆಂಡಿರು ತೊಳಲುತ್ತಾರೆ. ಇಡೀ ಕಾದಂಬರಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸ್ಫೋಟದ ವರ್ಣನೆಗಳಲ್ಲ, ಇದೇ ಪುಟಗಳು. ಹೆಣ್ಣು ತೋರಿಸಿ ಬಲ್ಲ ನಮ್ಮ ಮನೆಗಳವರಿಗೆ ಈ ತೊಳಲಾಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಿಗೆಮತ್ಸು ವೀರನೇನೂ ಅಲ್ಲ, ಕಾರ್ಖಾನೆಯೊಂದರ ನೌಕರ. ಸತ್ತವರ ಸಂಸ್ಕಾರಕ್ಕೆ ಪುರೋಹಿತರು ಸಿಗದಿದ್ದಾಗ ಮೇಲಧಿಕಾರಿಯ ಮಾತಿನಂತೆ ದೇವಾಲಯಕ್ಕೆ ಹೋಗಿ ಬೌದ್ಧ ಪಾಠಗಳನ್ನು ಬರೆದುಕೊಂಡು ಬಂದು ತಾನೇ ಓದುತ್ತಾನೆ. ಅವನಿಗೂ ವಿಕಿರಣದ ಬಾಧೆಯುಂಟು. ಹಳ್ಳಿಯಲ್ಲಿ ಭಾರದ ಕೆಲಸ ಕೂಡದು, ಒಳ್ಳೆಯ ಆಹಾರ ಬೇಕು ಎಂಬ ವೈದ್ಯರ ಸಲಹೆಯಂತೆ ಅವನು ಗೆಳೆಯ ಶೋಕಿಚಿಯೊಡನೆ ಕೆರೆಯ ಬಳಿ ಮೀನು ಹಿಡಿಯುತ್ತಾ ಕೂತರೆ, ದುಡಿಯುವ ಕಾಲದಲ್ಲಿ ಇವರದೊಂದು ಸುಖ ಎಂದು ಊರಿನ ಹೆಂಗಸೊಬ್ಬಳು ಹಂಗಿಸುತ್ತಾಳೆ. ಅದಕ್ಕಾಗಿ ಅವರು ಮೀನಿನ ಮರಿ ಸಾಕತೊಡಗುತ್ತಾರೆ. ಆಗ ಅದು ಕೆಲಸವೆನಿಸುತ್ತದಲ್ಲ!

ನಡುವಿನ ದಿನಚರಿ ಭಾಗಗಳು ಕೆಲವೆಡೆ ಲಂಬಿಸಿವೆ ಎಂದು ಒಪ್ಪಬೇಕು. ಆದರೆ ಇಬುಸೆ ಬದುಕಿ ಉಳಿದವರೊಬ್ಬರ ನಿಜವಾದ ದಿನಚರಿಯನ್ನೇ ಆಧರಿಸಿ ಬರೆದದ್ದು. ಯುದ್ಧಕಾಲದ ಊಟದ ಬಗ್ಗೆ ಶಿಗೆಕೊ ಬರೆದಿಡುವ ಪುಟಗಳಂತೂ ಬಹಳ ಚೆನ್ನಾಗಿವೆ.

ಆ ಮಳೆಯ ವ್ಯಾಜ್ಯ ಇತ್ತೀಚಿನವರೆಗೂ ನಡೆದಿತ್ತು. ಸರ್ಕಾರ ನಕ್ಷೆಯಲ್ಲಿ ಗುರುತಿಸಿದ್ದ ಗೆರೆಯ ಹೊರಗೆ ಮಳೆಯಲ್ಲಿ ನೆನೆದಿದ್ದ 84 ಮಂದಿಯನ್ನು ಬಾಂಬಿನ ಸಂತ್ರಸ್ತರೆಂದು ಹಿರೋಶಿಮಾ ಹೈಕೋರ್ಟು ಒಪ್ಪಿದ್ದು 2021ರ ಜುಲೈನಲ್ಲಿ, ಅಂದರೆ 76 ವರ್ಷಗಳ ಮೇಲೆ.

ಯಾಸುಕೊಗೆ ಅಷ್ಟು ಕಾಲವಿರಲಿಲ್ಲ. ಗಾಳಿಮಾತು ಸುಳ್ಳೆಂದು ತೋರಿಸುವ ಬರವಣಿಗೆ ನಡೆದಿರುವಾಗಲೇ ಅವಳು ನಿಜವಾಗಿ ಕಾಯಿಲೆ ಬೀಳುತ್ತಾಳೆ. ಮೊದಲ ಲಕ್ಷಣಗಳನ್ನು ಸಂಕೋಚದಿಂದ ಮುಚ್ಚಿಟ್ಟಿರುತ್ತಾಳೆ. ಸಂಬಂಧ ತಪ್ಪುತ್ತದೆ. ದಿನಚರಿಯ ನಕಲು ಮುಗಿಸಿದ ಶಿಗೆಮತ್ಸು ಮೀನಿನ ಮರಿಗಳನ್ನು ನೋಡಲು ಹೋಗಿ, ಎದುರು ಬೆಟ್ಟದ ಮೇಲೆ ಕಾಮನಬಿಲ್ಲು ಮೂಡಿದರೆ ಹುಡುಗಿ ಗುಣವಾಗುತ್ತಾಳೆ ಎಂದು ಶಕುನ ಕಟ್ಟಿಕೊಳ್ಳುತ್ತಾನೆ. ಮೂಡುವುದಿಲ್ಲವೆಂದು ಅವನಿಗೆ ಗೊತ್ತಿರುತ್ತದೆ.