ಮಹಿಳಾ ಸಂಘಗಳು ಮತ್ತು ನಮ್ಮ ಹೊಣೆ

(ಶತಮಾನೋತ್ಸವದ ಮಹಿಳಾ ಸಭೆಯಲ್ಲಿ ಮಾಡಿದ ಭಾಷಣ)



ಸಂಘವೆಂದರೆ ಸಾಲ ದೊರೆಯುವ ಏರ್ಪಾಡು ಎಂಬ ಭಾವನೆ ಇಂದು ಎಲ್ಲೆಡೆ ಹರಡಿದೆ. ಅದು ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ವಿಚಾರಮಾಡೋಣ.

ಈ ಸಂಘಗಳು ನಮ್ಮ ನಾಡಿನಲ್ಲಿ ಹುಟ್ಟಿದ ಬಗೆ ನೆನೆಯತಕ್ಕದ್ದು. 1980ರ ದಶಕದ ನಡುಭಾಗದಲ್ಲಿ ಮೈರಾಡ ಸಂಸ್ಥೆಯ ಆಶ್ರಯದಲ್ಲಿದ್ದ ದೊಡ್ಡ ಸಹಕಾರ ಸಂಘಗಳು ಒಡೆದವು. ಮುಂದಾಳುಗಳ ಮೇಲೆ ಸದಸ್ಯರಿಗೆ ನಂಬಿಕೆ ಉಳಿದಿರಲಿಲ್ಲ. ಸಾಲವನ್ನು ತೀರಿಸಲು ಅವರು ಸಿದ್ಧರಿದ್ದರು. ಆದರೆ ಆ ದೊಡ್ಡ ಸಂಘಕ್ಕೆ ಕೊಡಲೊಲ್ಲರು. ಹಾಗಾದರೆ ನಿಮ್ಮ ನಿಮ್ಮೊಳಗೇ ತೀರಿಸಿಕೊಳ್ಳಿರೆಂದು ಸಂಸ್ಥೆಯು ಸೂಚಿಸಿತು. ಪರಸ್ಪರ ನಂಬಿಕೆಯುಳ್ಳ ಸಣ್ಣ ಗುಂಪುಗಳು ಹೀಗೆ ಬೆಳೆದವು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿಗಳ ನೆರವಿತ್ತಿತು. 1992ರಲ್ಲಿ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆ ಆರಂಭವಾಯಿತು. ಹಣಕ್ಕಿಂತ ಮೊದಲು ನಂಬಿಕೆಯಿತ್ತೆಂಬುದನ್ನು ನಾವು ಮರೆಯಬಾರದು.

ಹತ್ತರಿಂದ ಇಪ್ಪತ್ತು ಮಂದಿ ಹೆಂಗಸರು ಗೊತ್ತುಪಡಿಸಿದ ದಿನ ಕೂಡುತ್ತಾರೆ. ಉಳಿತಾಯದ ಹಣವನ್ನು ಎಲ್ಲರೆದುರಿಗೆ ಎಣಿಸಿ ಪುಸ್ತಕಕ್ಕೆ ಬರೆಯುತ್ತಾರೆ. ಯಾರಿಗೆ ಮೊದಲು ಸಾಲ, ಬಡ್ಡಿಯೆಷ್ಟು, ಕಂತು ತಪ್ಪಿದವಳಿಗೆ ಎಷ್ಟು ದಿನಗಳ ಅವಕಾಶ ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ. ಮಗು ಕಾಯಿಲೆ ಬಿದ್ದವಳ ಕಷ್ಟ, ಬಿತ್ತನೆಗೆ ಬೀಜವಿಲ್ಲದವಳ ಕಷ್ಟ ನೆರೆಯವಳಿಗೆ ತಿಳಿಯದೆ? ತೆತ್ತ ಬಡ್ಡಿಯೂ ಸಂಘದ ಗಂಟಿಗೇ ಸೇರುತ್ತದೆ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆ ಇಲ್ಲಿ ಸಾರ್ಥಕವಾಗಿದೆ.

ಹೀಗೆ ಒಂದೆಡೆ ಕುಳಿತು ಮಾತನಾಡಲು ಕಲಿತವರು ಊರಿನ ಕೇಡನ್ನೂ ಪ್ರಶ್ನಿಸಬಲ್ಲರು. ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಸಾಕ್ಷರತಾ ತರಗತಿಗಳಿಗೆ ಬರುತ್ತಿದ್ದ ಬಡ ಹೆಂಗಸರು ತಮ್ಮ ಮನೆಗಳನ್ನು ಹಾಳುಮಾಡುತ್ತಿದ್ದ ಸಾರಾಯಿಯ ವಿಚಾರವನ್ನೇ ಅಲ್ಲಿ ಚರ್ಚಿಸಿದರು. 1992ರಲ್ಲಿ ದೂಬಗುಂಟದಂತಹ ಹಳ್ಳಿಗಳಲ್ಲಿ ಅವರು ಸಾರಾಯಿ ಮಾರಾಟವನ್ನೇ ತಡೆದರು. ಆ ಚಳವಳಿ ಹಳ್ಳಿಯಿಂದ ಹಳ್ಳಿಗೆ ಹಬ್ಬಿ, 1993ರ ಅಕ್ಟೋಬರಿನಲ್ಲಿ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈನಲ್ಲಿ. ಪಂಚಾಯಿತಿಗಳಲ್ಲಿ ಈಗ ನಮ್ಮ ರಾಜ್ಯದ ಮಹಿಳೆಯರಿಗೆ ಅರ್ಧದಷ್ಟು ಸ್ಥಾನಗಳು ಮೀಸಲಾಗಿವೆ. ಆ ಸ್ಥಾನದಲ್ಲಿ ಕುಳಿತು ಧೈರ್ಯದಿಂದ ಮಾತನಾಡಲು ಸಂಘದ ಸಭೆಗಿಂತ ಒಳ್ಳೆಯ ಪಾಠಶಾಲೆ ಯಾವುದಿದೆ?

ಆದರೆ ಇಂದು ಒಂದು ಅಪಾಯ ನಮ್ಮ ಮನೆಬಾಗಿಲಿಗೆ ಬಂದಿದೆ. ಸಾಲ ಕೊಡುವ ಕಂಪನಿಗಳು ಸಹ ಹೆಂಗಸರ ಗುಂಪುಗಳನ್ನು ಕಟ್ಟುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಗೆ. ಅಲ್ಲಿ ಉಳಿತಾಯದ ಸ್ವಂತ ಗಂಟಿಲ್ಲ. ಬಡ್ಡಿ ಸದಸ್ಯರಿಗೆ ಮರಳುವುದಿಲ್ಲ. ನಿಯಮ ಮಾಡುವವರು ಬೇರೆಯವರು. ಒಬ್ಬಳು ಕಂತು ತಪ್ಪಿದರೆ ಉಳಿದವರು ತೆರಬೇಕು. ನಿನ್ನೆಯ ಗೆಳತಿ ಇಂದು ವಸೂಲಿಗೆ ನಿಲ್ಲುವಂತಾಗುತ್ತದೆ. ಒಂದು ಸಾಲ ತೀರಿಸಲು ಇನ್ನೊಂದು ಸಾಲವೆಂದು ಕೈಚಾಚಿದ ಮನೆಗಳೆಷ್ಟೋ! ವಸೂಲಿಯ ಕಿರುಕುಳವನ್ನು ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರ ಕಾನೂನನ್ನೇ ತರಬೇಕಾಯಿತು.

ಆದುದರಿಂದ ಸಹೋದರಿಯರೇ, ಸಂಘದ ಪುಸ್ತಕವನ್ನು ಪ್ರತಿ ಸಭೆಯಲ್ಲಿ ಗಟ್ಟಿಯಾಗಿ ಓದಿಸಿರಿ. ಓದಿ ತಿಳಿಯದ ಕಾಗದಕ್ಕೆ ರುಜು ಹಾಕದಿರಿ. ಕಂತು ತಪ್ಪಿದವಳ ಮನೆಗೆ ಹೋದಾಗ ಮೊದಲು ಕಾರಣವನ್ನು ಕೇಳಿರಿ. ಹಣದ ಲೆಕ್ಕ ಮುಗಿದೊಡನೆ ಎದ್ದುಹೋಗದೆ, ಕುಡಿಯುವ ನೀರು, ಶಾಲೆ, ರಸ್ತೆಗಳ ಮಾತನ್ನೂ ಆಡಿರಿ. ಸಹೋದರರೇ, ಸಭೆಯ ದಿನ ಮನೆಯ ಕೆಲಸದಲ್ಲಿ ಒಂದು ಗಂಟೆಯ ಭಾರವನ್ನು ನೀವು ಹೊತ್ತರೆ ಅದೇ ದೊಡ್ಡ ಸಹಾಯ.

ನೂರು ವರ್ಷಗಳ ಹಿಂದೆ ಈ ದೇವಾಲಯವನ್ನು ಕಟ್ಟಿದವರು ಒಬ್ಬರನ್ನೊಬ್ಬರು ನಂಬಿ ಕಟ್ಟಿದರು. ಆ ನಂಬಿಕೆಯನ್ನು ನಮ್ಮ ಸಂಘಗಳಲ್ಲಿ ಉಳಿಸಿಕೊಳ್ಳುವ ಹೊಣೆ ಈಗ ನಮ್ಮದು.